ಮಕ್ಕಳ ಆರೋಗ್ಯ ಸಾಕ್ಷರತೆ ಅಳೆಯುವುದು ಹೇಗೆ? ಹೈಸ್ಕೂಲು ಮಕ್ಕಳ ಬಗ್ಗೆ ಅಧ್ಯಯನ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ನರ್ಸಿಂಗ್, ಸಾರ್ವಜನಿಕ ಆರೋಗ್ಯ, ಸಮಾಜಕಾರ್ಯ ಓದುವವರು ಕೊನೆಯ ವರ್ಷದ ಅಧ್ಯಯನಕ್ಕೆ ಹೈಸ್ಕೂಲು ಮಕ್ಕಳನ್ನು ಆರಿಸಿಕೊಳ್ಳುವುದು ಸಾಮಾನ್ಯ. ಹೆಚ್ಚಿನವರು ಮಾಡುವುದು ಇಷ್ಟು: ಡೆಂಗಿ ಯಾವ ಸೊಳ್ಳೆಯಿಂದ ಬರುತ್ತದೆ, ರಕ್ತಹೀನತೆಗೆ ಯಾವುದರ ಕೊರತೆ ಕಾರಣ ಎಂಬಂಥ ಒಂದಷ್ಟು ಪ್ರಶ್ನೆ ಹಂಚುತ್ತಾರೆ. ಸರಿ ಉತ್ತರ ಎಣಿಸಿ ಮಕ್ಕಳನ್ನು ಉತ್ತಮ, ಸಾಧಾರಣ, ಕಳಪೆ ಎಂದು ಮೂರು ಗುಂಪು ಮಾಡುತ್ತಾರೆ. ವರದಿಯ ಮೇಲೆ ‘ಆರೋಗ್ಯ ಸಾಕ್ಷರತೆ’ ಎಂದು ಬರೆಯುತ್ತಾರೆ. ಹೀಗೆ ಅಳೆದದ್ದು ತಿಳಿವಳಿಕೆಯನ್ನು ಮಾತ್ರ. ಆರೋಗ್ಯ ಸಾಕ್ಷರತೆಯಲ್ಲಿ ನಾಲ್ಕು ಕೆಲಸಗಳು ಸೇರಿವೆ: ಬೇಕಾದ ಮಾಹಿತಿ ಹುಡುಕುವುದು, ಅದನ್ನು ಅರ್ಥ ಮಾಡಿಕೊಳ್ಳುವುದು, ನಂಬಬಹುದೋ ಇಲ್ಲವೋ ಎಂದು ತೂಗುವುದು, ತನ್ನ ಬದುಕಿನಲ್ಲಿ ಬಳಸುವುದು. 2012ರಲ್ಲಿ ಯುರೋಪಿನ ಸಂಶೋಧಕರು ಹಳೆಯ ವ್ಯಾಖ್ಯೆಗಳನ್ನೆಲ್ಲ ಒಟ್ಟುಮಾಡಿ ಕೊಟ್ಟ ಮಾದರಿಯ ತಿರುಳು ಇದೇ.

ಇಲ್ಲಿ ನಾನು ಮನಸ್ಸಿನಲ್ಲಿಟ್ಟುಕೊಂಡಿರುವುದು ಕರ್ನಾಟಕದ ಸರ್ಕಾರಿ ಹೈಸ್ಕೂಲಿನ 8 ಮತ್ತು 9ನೇ ತರಗತಿಯ ಮಕ್ಕಳನ್ನು. ನನ್ನ ಮುಖ್ಯ ಮಾತನ್ನು ಮೊದಲೇ ಹೇಳುತ್ತೇನೆ. ‘ನನಗೆ ಬರುತ್ತದೆ’ ಎಂದು ಮಗು ಹೇಳುವುದನ್ನೂ ಕೇಳಬೇಕು, ಮಾಡಿ ತೋರಿಸುವುದನ್ನೂ ನೋಡಬೇಕು. ಎರಡರಲ್ಲಿ ಒಂದನ್ನೇ ಹಿಡಿದು ಹೊರಟರೆ ಅರ್ಧ ಚಿತ್ರವಷ್ಟೇ ಸಿಗುತ್ತದೆ.

ಹಂತ 1: ಅಂಕ ಸಿಕ್ಕ ಮೇಲೆ ಏನು ಮಾಡುತ್ತೀರಿ?

ಪ್ರಶ್ನಾವಳಿ ಹುಡುಕುವ ಮೊದಲು ಇದನ್ನು ಒಂದು ಸಾಲಿನಲ್ಲಿ ಬರೆದಿಡಿ. ತಾಲ್ಲೂಕಿನ ಮಕ್ಕಳ ಸ್ಥಿತಿ ತಿಳಿಯಬೇಕೆ? ಒಂದು ಪಾಠಕ್ರಮದಿಂದ ಬದಲಾವಣೆ ಆಯಿತೇ ಎಂದು ನೋಡಬೇಕೆ? ಆರೋಗ್ಯ ಕೇಂದ್ರದವರು ಮಕ್ಕಳಿಗೆ ಕೊಡುವ ಸೂಚನೆ ಅರ್ಥವಾಗುತ್ತಿದೆಯೇ ಎಂದು ಪರೀಕ್ಷಿಸಬೇಕೆ? ಮೊದಲನೆಯದಕ್ಕೆ ಚಿಕ್ಕ ಪ್ರಶ್ನಾವಳಿ ಸಾಕು. ಎರಡನೆಯದಕ್ಕೆ ಸಣ್ಣ ಬದಲಾವಣೆಯನ್ನೂ ಹಿಡಿಯಬಲ್ಲ ಅಳತೆ ಬೇಕು. ಮೂರನೆಯದಕ್ಕೆ ಪ್ರಶ್ನಾವಳಿಗಿಂತ ಕೈಯಿಂದ ಮಾಡಿಸುವ ಚಟುವಟಿಕೆ ಹೆಚ್ಚು ಉಪಯೋಗ. ಆಯುಷ್ಮಾನ್ ಭಾರತ್ ಅಡಿ 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಟ್ಟು, 11 ವಿಷಯಗಳನ್ನು ಮಕ್ಕಳಿಗೆ ಕಲಿಸುವ ಯೋಜನೆ ಇದೆ. ನಿಮ್ಮ ಅಳತೆ ಇಂಥ ನಡೆಯುತ್ತಿರುವ ಕೆಲಸಕ್ಕೆ ಜೋಡಿಯಾದರೆ ಫಲಿತಾಂಶ ಕೇಳುವವರು ಇರುತ್ತಾರೆ. ಇಲ್ಲವಾದರೆ ವರದಿ ಕಾಲೇಜಿನ ಕಪಾಟು ಸೇರುತ್ತದೆ.

ಹಂತ 2: ದೊಡ್ಡವರ ಅಳತೆಯನ್ನು ಮಕ್ಕಳಿಗೆ ಹಾಗೆಯೇ ಹಾಕಬೇಡಿ

ಮಕ್ಕಳ ವಿಷಯದಲ್ಲಿ ನಾಲ್ಕು ಸಂಗತಿ ಬೇರೆ. ಅವರು ಬೆಳೆಯುತ್ತಿರುತ್ತಾರೆ. ದೊಡ್ಡವರನ್ನು ಅವಲಂಬಿಸಿರುತ್ತಾರೆ. ಅವರಿಗೆ ಬರುವ ಕಾಯಿಲೆ, ಎದುರಾಗುವ ಅಪಾಯಗಳ ಸ್ವರೂಪ ಬೇರೆ. ಬಡತನ, ಜಾತಿ, ಮನೆಭಾಷೆಗಳ ಪರಿಣಾಮ ಅವರ ಮೇಲೆ ಬೇರೆ ರೀತಿ ಬೀಳುತ್ತದೆ. ರಕ್ತದೊತ್ತಡದ ಮಾತ್ರೆಯ ಚೀಟಿ ಓದಿಸುವ ಪ್ರಶ್ನೆ 13ರ ಹುಡುಗನಿಗೆ ಏನು ಸಂಬಂಧ?

ಅವಲಂಬನೆಯ ಬಗ್ಗೆ ಇನ್ನೊಂದು ಮಾತು. 9ನೇ ತರಗತಿಯ ಹುಡುಗಿಗೆ ಮುಟ್ಟಿನ ಹೊಟ್ಟೆನೋವಿಗೆ ಯಾರನ್ನು ಕೇಳಬೇಕೆಂದು ಚೆನ್ನಾಗಿ ಗೊತ್ತಿರಬಹುದು. ಆದರೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಅಮ್ಮ, ಬಸ್ಸಿಗೆ ದುಡ್ಡು ಕೊಡುವುದು ಅಪ್ಪ. ‘ಬಳಸುವುದು’ ಎಂಬ ನಾಲ್ಕನೇ ಕೆಲಸ ಅವಳ ಕೈಯಲ್ಲಿ ಪೂರ್ತಿ ಇಲ್ಲ. ಆದ್ದರಿಂದ ಮನೆಯ ಬಗ್ಗೆ ನಾಲ್ಕೈದು ಪ್ರಶ್ನೆ ಇರಲೇಬೇಕು: ಕಾಯಿಲೆ ಬಂದಾಗ ಮೊದಲು ಯಾರಿಗೆ ಹೇಳುತ್ತೀ, ಮನೆಯಲ್ಲಿ ಔಷಧಿ ಚೀಟಿ ಓದುವವರು ಯಾರು, ಫೋನು ಯಾರ ಹತ್ತಿರ ಇರುತ್ತದೆ. ಮೊದಲ ಪೀಳಿಗೆ ಈಗಷ್ಟೇ ಓದುತ್ತಿರುವ ಎಷ್ಟೋ ಮನೆಗಳಲ್ಲಿ ಚೀಟಿ ಓದುವುದು ಆ ಮಗುವೇ.

ವಯಸ್ಸಿನ ಬಗ್ಗೆ ಒಂದು ಅಂದಾಜು: 9 ವರ್ಷಕ್ಕಿಂತ ಚಿಕ್ಕವರಿಗೆ ಬರೆದು ತುಂಬುವ ಪ್ರಶ್ನಾವಳಿ ಬೇಡ. ಚಿತ್ರ ತೋರಿಸಿ ಮಾತನಾಡಿಸಿ, ಆಟ ಆಡಿಸಿ ನೋಡಿ.

ಹಂತ 3: ಇರುವ ಅಳತೆಗಳಲ್ಲಿ ಒಂದನ್ನು ಆರಿಸುವುದು

ಹೊಸ ಪ್ರಶ್ನಾವಳಿ ಕಟ್ಟುವುದು ವರ್ಷಗಟ್ಟಲೆ ಹಿಡಿಯುವ ಕೆಲಸ. ಇರುವುದರಲ್ಲಿ ಹೊಂದುವುದನ್ನು ಕನ್ನಡಕ್ಕೆ ತರುವುದು ಜಾಣತನ.

ಹೈಸ್ಕೂಲಿಗೆ ನನ್ನ ಮೊದಲ ಆಯ್ಕೆ ಫಿನ್ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಎಚ್‌ಎಲ್‌ಎಸ್‌ಎಸಿ. ಅಲ್ಲಿನ 7 ಮತ್ತು 9ನೇ ತರಗತಿಯ ಮಕ್ಕಳಿಗಾಗಿಯೇ ಮಾಡಿದ್ದು. ಇರುವುದು 10 ವಾಕ್ಯ ಮಾತ್ರ. ‘ಬೇರೆ ಬೇರೆ ಕಡೆಯಿಂದ ಬಂದ ಆರೋಗ್ಯ ಮಾಹಿತಿಯನ್ನು ಹೋಲಿಸಿ ನೋಡಬಲ್ಲೆ’ ಎಂಬ ಧಾಟಿಯ ವಾಕ್ಯಗಳಿಗೆ ಮಗು ‘ನನ್ನ ಮಟ್ಟಿಗೆ ಸ್ವಲ್ಪವೂ ನಿಜವಲ್ಲ’ ಎಂಬಲ್ಲಿಂದ ‘ಪೂರ್ತಿ ನಿಜ’ ಎಂಬವರೆಗೆ ನಾಲ್ಕರಲ್ಲಿ ಒಂದನ್ನು ಗುರುತಿಸುತ್ತದೆ. ಒಟ್ಟು 10ರಿಂದ 40 ಅಂಕ. ವಿಷಯದ ತಿಳಿವಳಿಕೆ, ಮಾಡಿ ತಿಳಿದದ್ದು, ವಿಮರ್ಶೆ, ತನ್ನನ್ನು ತಾನು ಅರಿಯುವುದು, ನಾಗರಿಕ ಹೊಣೆ ಎಂಬ ಐದು ಅಂಶಗಳು ಇದರಲ್ಲಿವೆ. ಶಾಲಾ ಮಕ್ಕಳ ಆರೋಗ್ಯದ ಬಗ್ಗೆ ಹಲವು ದೇಶಗಳು ಸೇರಿ ನಡೆಸುವ ಎಚ್‌ಬಿಎಸ್‌ಸಿ ಸಮೀಕ್ಷೆಯಲ್ಲೂ ಇದನ್ನು ಬಳಸಿದ್ದಾರೆ.

ನಾಲ್ಕೈದನೇ ತರಗತಿಯವರಾದರೆ ಜರ್ಮನಿಯಲ್ಲಿ 4ನೇ ತರಗತಿಯವರಿಗೆಂದು ರೂಪಿಸಿದ, 15 ಪ್ರಶ್ನೆಗಳ ಎಚ್‌ಎಲ್‌ಎಸ್-ಚೈಲ್ಡ್-ಕ್ಯೂ15 ನೋಡಿ. ‘ಇದು ನಿನಗೆ ಎಷ್ಟು ಸುಲಭ, ಎಷ್ಟು ಕಷ್ಟ’ ಎಂದು ಕೇಳುವ ರೀತಿ ಚಿಕ್ಕವರಿಗೆ ಹೊಂದುತ್ತದೆ. ಯಾವುದನ್ನೇ ಆರಿಸಿದರೂ ರಚಿಸಿದವರಿಗೆ ಪತ್ರ ಬರೆದು ಅನುಮತಿ ಪಡೆಯಿರಿ.

ಮಾಡಿ ತೋರಿಸುವ ಬಗೆಯಲ್ಲಿ ಹೆಸರಾದದ್ದು 2005ರ ನ್ಯೂಯೆಸ್ಟ್ ವೈಟಲ್ ಸೈನ್. ಐಸ್‌ಕ್ರೀಂ ಡಬ್ಬದ ಮೇಲಿನ ಪೋಷಕಾಂಶದ ಚೀಟಿ ಕೊಟ್ಟು 6 ಪ್ರಶ್ನೆ ಕೇಳುತ್ತಾರೆ, ಸುಮಾರು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಅದರ ಉಪಾಯ ಒಳ್ಳೆಯದು, ಐಸ್‌ಕ್ರೀಂ ಡಬ್ಬ ನಮಗೆ ಬೇಡ. ಹಂತ 5ರಲ್ಲಿ ಬದಲಿ ಇದೆ.

ರಿಯಲ್ಮ್-ಟೀನ್ ಮಾತ್ರ ಬೇಡ. ಅದರಲ್ಲಿ 66 ವೈದ್ಯಕೀಯ ಪದಗಳನ್ನು ಗಟ್ಟಿಯಾಗಿ ಓದಿಸಿ ಅಂಕ ಕೊಡುತ್ತಾರೆ. ಇಂಗ್ಲಿಷಿನಲ್ಲಿ ಬರೆದಂತೆ ಓದಲಾಗದು, ಪದ ಮೊದಲೇ ಪರಿಚಯವಿದ್ದರೆ ಮಾತ್ರ ಸರಿಯಾಗಿ ಬಾಯಿಗೆ ಬರುತ್ತದೆ. ಹಾಗಾಗಿ ಅಲ್ಲಿ ಅದು ನಡೆಯುತ್ತದೆ. ಕನ್ನಡದಲ್ಲಿ ಅಕ್ಷರ ಕಲಿತ ಮಗು ‘ಅಪಧಮನಿ’ಯನ್ನು ತಡವರಿಸದೆ ಓದಿಬಿಡುತ್ತದೆ, ಅದು ದೇಹದಲ್ಲಿ ಎಲ್ಲಿದೆ ಎಂಬ ಅಂದಾಜು ಇಲ್ಲದಿದ್ದರೂ. ಕನ್ನಡಕ್ಕೆ ಅನುವಾದಿಸಿದರೆ ಇದು ಅಕ್ಷರ ಜ್ಞಾನದ ಪರೀಕ್ಷೆಯಾಗಿ ಉಳಿಯುತ್ತದೆ, ಅಷ್ಟೇ.

ಹಂತ 4: ಕನ್ನಡಕ್ಕೆ ತರುವುದು, ಮಕ್ಕಳ ಬಾಯಿಂದ ಕೇಳುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಇದಕ್ಕೇ ಮೀಸಲಿಡಿ. ಇಬ್ಬರು ಬೇರೆ ಬೇರೆ ಕುಳಿತು ಅನುವಾದಿಸಲಿ. ಒಬ್ಬರು ಆರೋಗ್ಯ ಕ್ಷೇತ್ರದವರು, ಇನ್ನೊಬ್ಬರು ಆ ವಯಸ್ಸಿನ ಮಕ್ಕಳಿಗೆ ಪಾಠ ಮಾಡುವ ಕನ್ನಡ ಶಿಕ್ಷಕರಾದರೆ ಚೆನ್ನ. ಎರಡನ್ನೂ ಎದುರಿಗಿಟ್ಟು ಒಂದು ಪಠ್ಯ ಮಾಡಿ. ಮೂಲ ನೋಡಿರದ ಮೂರನೆಯವರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ಹೋಲಿಸಿ. ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನಿಜವಾದ ಪರೀಕ್ಷೆ ಮುಂದಿದೆ.

ಎಂಟ್ಹತ್ತು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಪ್ರತಿ ವಾಕ್ಯ ಓದಿಸಿ, ‘ಇದನ್ನ ನಿನ್ನ ಮಾತಲ್ಲಿ ಹೇಳು’, ‘ಈ ಉತ್ತರ ಯಾಕೆ ಹಾಕಿದೆ’ ಎಂದು ಕೇಳಿ. ಮಾತು ಹೀಗೆ ಹೋಗಬಹುದು:

‘ಆರೋಗ್ಯ ಸಿಬ್ಬಂದಿ ನೀಡುವ ಸೂಚನೆಗಳನ್ನು ಪಾಲಿಸಬಲ್ಲೆ.’
‘ಸಿಬ್ಬಂದಿ ಅಂದ್ರೆ ಯಾರು ಮಿಸ್?’
‘ನೀನು ಯಾರು ಅಂತ ಅಂದ್ಕೊಂಡೆ?’
‘ಆಫೀಸಲ್ಲಿ ಇರ್ತಾರಲ್ಲ, ಅವ್ರು.’
‘ಡಾಕ್ಟ್ರು, ಸಿಸ್ಟರ್, ಆಶಾ ಅಕ್ಕ ಅಂತ ಬರೆದ್ರೆ?’
‘ಓ, ಹಾಗಾ! ಅವ್ರು ಹೇಳಿದ್ದು ಮಾಡ್ತೀನಿ. ಅಮ್ಮ ಮಾಡು ಅಂದ್ರೆ.’

ಇಷ್ಟು ಮಾತಿನಲ್ಲಿ ನಿಮಗೆ ಎರಡು ವಿಷಯ ಸಿಕ್ಕವು. ‘ಸಿಬ್ಬಂದಿ’ ಹೋಗಿ ‘ಡಾಕ್ಟರ್, ನರ್ಸ್ ಅಥವಾ ಆಶಾ ಕಾರ್ಯಕರ್ತೆ’ ಬರಬೇಕು. ಕೊನೆಯ ಮಾತು, ‘ಅಮ್ಮ ಮಾಡು ಅಂದ್ರೆ’, ಹಂತ 2ರಲ್ಲಿ ಹೇಳಿದ ಅವಲಂಬನೆಯೇ. ಅಂಥ ಮಾತುಗಳನ್ನು ಪಕ್ಕದಲ್ಲಿ ಬರೆದುಕೊಳ್ಳಿ, ಅಂಕಗಳನ್ನು ಅರ್ಥಮಾಡಿಕೊಳ್ಳುವಾಗ ಅವೇ ದಾರಿ ತೋರಿಸುತ್ತವೆ.

ಪಠ್ಯಪುಸ್ತಕದ ಪದ ಮತ್ತು ಮನೆಯ ಪದ ಎರಡನ್ನೂ ಇಡಲು ಹಿಂಜರಿಯಬೇಡಿ: ‘ಅತಿಸಾರ’ ಎಂದಷ್ಟೇ ಬರೆಯದೆ ‘ಭೇದಿ, ಲೂಸ್ ಮೋಷನ್’ ಎಂದೂ ಸೇರಿಸಿ. ಬೀದರಿನಲ್ಲಿ ಕೇಳಿ ಸರಿಮಾಡಿದ್ದು ಕುಂದಾಪುರದಲ್ಲಿ ಮತ್ತೆ ಕೇಳಬೇಕಾದೀತು. ಮನೆಯಲ್ಲಿ ಉರ್ದು, ತೆಲುಗು, ತುಳು, ಲಂಬಾಣಿ ಆಡುವ ಮಕ್ಕಳು ಈ ಎಂಟ್ಹತ್ತು ಜನರಲ್ಲಿ ಇರಲೇಬೇಕು.

ಹಂತ 5: ಮಾಡಿ ತೋರಿಸುವ ಚಟುವಟಿಕೆಗಳು

ಎಲ್ಲರಿಗೂ ಮಾಡಿಸಲಾಗದಿದ್ದರೆ ಪ್ರತಿ ತರಗತಿಯಿಂದ ಚೀಟಿ ಎತ್ತಿ ಆರಿಸಿದ ಕೆಲವು ಮಕ್ಕಳಿಗಾದರೂ ಮಾಡಿಸಿ. ಮೂರು ಚಟುವಟಿಕೆ ಸಾಕು.

ಮೊದಲನೆಯದು ಓಆರ್‌ಎಸ್ ಪೊಟ್ಟಣ. ಮೇಜಿನ ಮೇಲೆ ಪೊಟ್ಟಣ, ಒಂದು ಲೀಟರಿನ ಬಾಟಲಿ, ಲೋಟ, ಪಾತ್ರೆ, ಕುಡಿಯುವ ನೀರು ಇಡಿ. ‘ನಿನ್ನ ತಮ್ಮನಿಗೆ ಬೆಳಗಿನಿಂದ ಭೇದಿ. ಇದನ್ನು ಓದಿ ತಯಾರಿಸು’ ಎಂದಷ್ಟೇ ಹೇಳಿ ಸುಮ್ಮನಿರಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಸಣ್ಣದು 200 ಮಿಲಿಲೀಟರಿಗೆ. ಮಗು ಪೊಟ್ಟಣ ತಿರುಗಿಸಿ ಓದಿತೇ, ಇಲ್ಲ ಲೋಟಕ್ಕೆ ಸ್ವಲ್ಪ ಸುರಿದು ಕಲಕಿತೇ? ನೀರು ಅಳೆಯಿತೇ? ‘ಉಳಿದದ್ದು ನಾಳೆ ಸಂಜೆ ಕೊಡಬಹುದಾ’ ಎಂದು ಕೇಳಿದಾಗ ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕೆಂಬ ಮಾತು ಬಂತೇ? ಅಂಕ ಹೀಗೆ: ಓದಿ, ಸರಿಯಾಗಿ ಅಳೆದು, ಪೂರ್ತಿ ಪೊಟ್ಟಣ ಹಾಕಿದರೆ 2, ಅಳತೆ ಸರಿ ಆದರೆ ಓದದೆ ರೂಢಿಯಿಂದ ಮಾಡಿದರೆ 1, ಅಳತೆ ತಪ್ಪಿದರೆ 0. ರೂಢಿಯಿಂದ ಸರಿ ಮಾಡಿದ್ದಕ್ಕೆ ಯಾಕೆ ಕಡಿಮೆ ಎಂದು ಕೇಳುತ್ತಾರೆ. ಕೈಗೆ ಸಣ್ಣ ಪೊಟ್ಟಣ ಬಂದ ದಿನ ಆ ರೂಢಿಯೇ ತಪ್ಪು ಮಾಡಿಸುತ್ತದೆ, ಅದಕ್ಕೆ.

ಎರಡನೆಯದು ತಿಂಡಿ ಪೊಟ್ಟಣದ ಹಿಂಬದಿ. ಊರಿನ ಅಂಗಡಿಯಲ್ಲಿ ಮಕ್ಕಳೇ ಕೊಳ್ಳುವ ಬಿಸ್ಕತ್ತಿನ ಪೊಟ್ಟಣದ ಮಾದರಿಯಲ್ಲಿ ಚೀಟಿ ಮಾಡಿ: 100 ಗ್ರಾಂನಲ್ಲಿ ಸೇರಿಸಿದ ಸಕ್ಕರೆ 25 ಗ್ರಾಂ, ಪೊಟ್ಟಣದ ತೂಕ 60 ಗ್ರಾಂ. ‘ಪೂರ್ತಿ ತಿಂದರೆ ಎಷ್ಟು ಸಕ್ಕರೆ?’ ಉತ್ತರ 15 ಗ್ರಾಂ. ನಮ್ಮ ದೇಶದ ಲೇಬಲ್ ನಿಯಮದಲ್ಲಿ ದಿನಕ್ಕೆ 50 ಗ್ರಾಂ ಎಂದು ಲೆಕ್ಕ ಹಿಡಿಯುತ್ತಾರೆ, ಅಂದರೆ ದಿನದ ಲೆಕ್ಕದಲ್ಲಿ ಶೇ 30 ಮುಗಿಯಿತು. ಕ್ಯಾಲ್ಕುಲೇಟರ್ ಕೊಡಿ. ಗಣಿತ ಬಾರದ್ದರಿಂದ ತಪ್ಪಿತೋ, ‘100 ಗ್ರಾಂಗೆ’ ಎಂಬ ಸಾಲು ಗಮನಕ್ಕೆ ಬಾರದೆ ತಪ್ಪಿತೋ ಎಂಬುದು ಬೇರೆ ಬೇರೆಯಾಗಿ ಕಾಣಬೇಕು.

ಮೂರನೆಯದು ವಾಟ್ಸ್ಆ್ಯಪ್ ಸಂದೇಶ. ‘ಪಪ್ಪಾಯಿ ಎಲೆ ರಸ ಕುಡಿದರೆ ಒಂದೇ ದಿನದಲ್ಲಿ ಡೆಂಗಿ ಮಾಯ. ಆಸ್ಪತ್ರೆಗೆ ಹೋಗಬೇಡಿ. ಹತ್ತು ಜನಕ್ಕೆ ಕಳಿಸಿ’ ಎಂಬಂಥದ್ದನ್ನು ಫೋನಿನ ಪರದೆಯಂತೆ ಮುದ್ರಿಸಿ ಕೊಡಿ. ‘ಎಲ್ಲರಿಗೂ ಕಳಿಸ್ತೀನಿ’ ಎಂದರೆ 0. ‘ಸುಳ್ಳು ಅನ್ಸುತ್ತೆ’ ಎಂದಷ್ಟೇ ಹೇಳಿದರೆ 1. ಯಾರು ಬರೆದದ್ದೆಂದು ಇಲ್ಲ, ಆಸ್ಪತ್ರೆಗೆ ಹೋಗಬೇಡ ಎನ್ನುತ್ತಿದೆ, ಡಾಕ್ಟರನ್ನೋ ಆಶಾ ಅಕ್ಕನನ್ನೋ ಕೇಳುತ್ತೇನೆ ಎಂದು ಕಾರಣವನ್ನೂ ಪರಿಶೀಲಿಸುವ ದಾರಿಯನ್ನೂ ಹೇಳಿದರೆ 2. ಚಟುವಟಿಕೆ ಮುಗಿದ ಕೂಡಲೇ ಅದು ಸುಳ್ಳು ಎಂದು ಮಗುವಿಗೆ ಬಿಡಿಸಿ ಹೇಳಲೇಬೇಕು. ನೀವು ಕೊಟ್ಟ ಕಾಗದದಿಂದಲೇ ಸುಳ್ಳು ಹರಡಬಾರದು.

ಮೂರಕ್ಕೂ ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಲಿ. ಹೊಂದದ ಕಡೆ ಕೂತು ಚರ್ಚಿಸಿ ಅಂಕದ ನಿಯಮವನ್ನೇ ಸ್ಪಷ್ಟಪಡಿಸಿ.

ಹಂತ 6: ಅನುಮತಿ ಮತ್ತು ಒಪ್ಪಿಗೆ

ಸಂಸ್ಥೆಯ ನೈತಿಕ ಸಮಿತಿ ಮೊದಲು, ಆಮೇಲೆ ಜಿಲ್ಲೆಯ ಶಿಕ್ಷಣಾಧಿಕಾರಿ (ಡಿಡಿಪಿಐ), ತಾಲ್ಲೂಕಿನ ಶಿಕ್ಷಣಾಧಿಕಾರಿ (ಬಿಇಒ), ಮುಖ್ಯ ಶಿಕ್ಷಕರು. ಇವರೆಲ್ಲ ಕೊಡುವುದು ಶಾಲೆಯೊಳಗೆ ಬರಲು ಅನುಮತಿ. ಮಗುವಿನ ಪರವಾಗಿ ಒಪ್ಪುವ ಹಕ್ಕು ತಂದೆ ತಾಯಿಯದು. ಮುಖ್ಯ ಶಿಕ್ಷಕರ ಸಹಿ ಅದಕ್ಕೆ ಸಾಟಿಯಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಪೋಷಕರ ಒಪ್ಪಿಗೆಯ ಜೊತೆಗೆ 7ರಿಂದ 12 ವರ್ಷದವರ ಬಾಯಿಮಾತಿನ ಸಮ್ಮತಿ, 12ರಿಂದ 18ರವರ ಬರಹದ ಸಮ್ಮತಿಯೂ ಬೇಕು. ಒಪ್ಪಿಗೆ ಪತ್ರ ಓದಲಾಗದ ಪೋಷಕರಿಗೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ದಿನ ಓದಿ ಹೇಳಿ. ‘ಬೇಡ’ ಎಂದ ಮಗುವಿಗೆ ಆ ಹೊತ್ತಿನಲ್ಲಿ ಮಾಡಲು ಬೇರೆ ಒಳ್ಳೆಯ ಕೆಲಸ ಇರಲಿ. ತರಗತಿಯ ಹೊರಗೆ ನಿಲ್ಲಿಸಿದರೆ ಅದು ಶಿಕ್ಷೆಯಂತಾಗುತ್ತದೆ.

ಯಾವುದಾದರೂ ಮಗು ದುಃಖ, ಹಿಂಸೆ, ತೊಂದರೆ ಹೇಳಿಕೊಂಡರೆ ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸಿ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ 14416, ಹದಿಹರೆಯದವರಿಗಾಗಿ ಇರುವ ಹತ್ತಿರದ ಸ್ನೇಹಾ ಕ್ಲಿನಿಕ್ಕಿನ ಸಮಯ, ಇವು ತಂಡದ ಪ್ರತಿಯೊಬ್ಬರ ಹತ್ತಿರ ಇರಲಿ.

ಹಂತ 7: ಎಷ್ಟು ಮಕ್ಕಳು?

ಅರ್ಧದಷ್ಟು ಮಕ್ಕಳಲ್ಲಿ ಒಂದು ಗುಣ ಇದೆ ಎಂದು ಊಹಿಸಿ, ಶೇ 5ರ ಆಚೀಚೆ ನಿಖರತೆ ಬೇಕೆಂದರೆ 385 ಎಂಬ ಸಂಖ್ಯೆ ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ಅದು ಊರಿನಿಂದ ಬಿಡಿಬಿಡಿಯಾಗಿ ಆರಿಸಿದ ಮಕ್ಕಳಿಗೆ. ನೀವು ಇಡೀ ತರಗತಿಗಳನ್ನೇ ಆರಿಸುತ್ತೀರಿ. ಒಂದೇ ಶಿಕ್ಷಕರು, ಒಂದೇ ಊರು ಆದ್ದರಿಂದ ಒಂದು ತರಗತಿಯ ಉತ್ತರಗಳು ಪರಸ್ಪರ ಹೋಲುತ್ತವೆ. ಆ ಹೋಲಿಕೆಯ ಪ್ರಮಾಣ 0.05 ಎಂದೂ ತರಗತಿಗೆ 30 ಮಕ್ಕಳೆಂದೂ ಇಟ್ಟುಕೊಂಡರೆ, 1 + (29 × 0.05) = 2.45. ಅಂದರೆ 385 × 2.45, ಸುಮಾರು 944 ಮಕ್ಕಳು, 32 ತರಗತಿ. ಅಷ್ಟು ಸಾಧ್ಯವಿಲ್ಲದಿದ್ದರೆ ಜಿಲ್ಲೆಯ ಬಗ್ಗೆ ಹೇಳುವ ಆಸೆ ಬಿಟ್ಟು, ಎರಡು ಮೂರು ಶಾಲೆಗಳ ಬಗ್ಗೆ ಆಳವಾಗಿ ಹೇಳಿ. ಅದರಲ್ಲಿ ಏನೂ ಕೊರತೆಯಿಲ್ಲ.

ಹಂತ 8: ತರಗತಿಯಲ್ಲಿ ಆ ಒಂದು ಪೀರಿಯಡ್

ಮಕ್ಕಳಿಗೆ ಮುದ್ರಿತ ಹಾಳೆ ಕಂಡರೆ ಪರೀಕ್ಷೆಯೇ ನೆನಪಾಗುವುದು. ಪಕ್ಕದವರ ಹಾಳೆ ಇಣುಕುತ್ತಾರೆ, ಮೇಷ್ಟ್ರು ಮೆಚ್ಚುವ ಉತ್ತರ ಹಾಕುತ್ತಾರೆ. ‘ಇದಕ್ಕೆ ಮಾರ್ಕ್ಸ್ ಇಲ್ಲ, ಸರಿ ತಪ್ಪು ಇಲ್ಲ, ಹೆಸರು ಬರೆಯೋದು ಬೇಡ’ ಎಂದು ಮೊದಲೇ ಹೇಳಿ. ಹಾಳೆಗಳನ್ನು ಆಮೇಲೆ ಜೋಡಿಸಲು ಹೆಸರಿನ ಬದಲು ಸಂಕೇತ ಇರಲಿ. ತರಗತಿ ಶಿಕ್ಷಕರು ಜಗಲಿಯಲ್ಲಿ ಕೂತಿರಲಿ, ಒಳಗೆ ಓಡಾಡುವುದು ಬೇಡ.

ನಾಲ್ಕು ಹಂತದ ಉತ್ತರ ಅಭ್ಯಾಸವಾಗಲು ಬೋರ್ಡಿನ ಮೇಲೆ ಒಂದು ಮಾದರಿ ಮಾಡಿ: ‘ನನಗೆ ಈಜಲು ಬರುತ್ತದೆ.’ ಸ್ವಲ್ಪ ಬರುವವರು ಎಲ್ಲಿ ಗುರುತು ಹಾಕುತ್ತಾರೆ, ಕೆರೆ ದಾಟುವವರು ಎಲ್ಲಿ ಹಾಕುತ್ತಾರೆ ಎಂದು ಮಕ್ಕಳೇ ಹೇಳಲಿ. ಆಮೇಲೆ ಪ್ರತಿ ವಾಕ್ಯವನ್ನು ನೀವೇ ನಿಧಾನವಾಗಿ ಎರಡು ಸಲ ಓದಿ, ಓದುವುದು ಕಷ್ಟವಿರುವ ಮಗುವೂ ಉತ್ತರಿಸಬಲ್ಲದು. ಯಾರಾದರೂ ಅರ್ಥ ಕೇಳಿದರೆ ಏನು ಹೇಳಬೇಕೆಂಬುದನ್ನು ಮೊದಲೇ ಬರೆದಿಟ್ಟುಕೊಂಡು ಎಲ್ಲ ಶಾಲೆಯಲ್ಲೂ ಅಷ್ಟನ್ನೇ ಹೇಳಿ. ಮಧ್ಯಾಹ್ನದ ಊಟದ ನಂತರದ ಪೀರಿಯಡ್ಡೂ ಪಿಟಿ ಪೀರಿಯಡ್ಡೂ ಬೇಡ. ಆಟ ಕಿತ್ತುಕೊಂಡವರಿಗೆ ಮಕ್ಕಳು ಮನಸ್ಸಿಟ್ಟು ಉತ್ತರ ಕೊಡುವುದಿಲ್ಲ.

ಹಂತ 9: ಅಂಕ ಕೂಡುವ ಮೊದಲು ಅಳತೆಯನ್ನೇ ಪರೀಕ್ಷಿಸಿ

ಎಲ್ಲ ವಾಕ್ಯಕ್ಕೂ ಒಂದೇ ಕಂಬದಲ್ಲಿ ಗುರುತು ಹಾಕಿದ ಹಾಳೆಗಳನ್ನು ಬೇರೆ ತೆಗೆದಿಟ್ಟು ನೋಡಿ. ಕ್ರಾನ್‌ಬಾಕ್ ಆಲ್ಫಾ (ವಾಕ್ಯಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಸಂಖ್ಯೆ) 0.70 ದಾಟಿದೆಯೇ? ಯಾವುದಾದರೂ ವಾಕ್ಯ ಉಳಿದವುಗಳ ಜೊತೆ ಹೊಂದದೆ ನಿಂತಿದೆಯೇ? ಶೇ 15ಕ್ಕಿಂತ ಹೆಚ್ಚು ಮಕ್ಕಳು ಪೂರ್ತಿ 40 ಅಂಕ ಪಡೆದಿದ್ದರೆ ಅಳತೆ ಮೇಲ್ತುದಿಯಲ್ಲಿ ಮುಗಿದುಹೋಗಿದೆ, ಅಲ್ಲಿಂದಾಚೆ ವ್ಯತ್ಯಾಸ ಕಾಣದು. ಕೆಲವು ಮಕ್ಕಳಿಗೆ ಎರಡು ವಾರದ ನಂತರ ಮತ್ತೆ ಕೊಟ್ಟು ಅಂಕ ಸ್ಥಿರವಾಗಿದೆಯೇ ನೋಡಿ. ಹುಡುಗ ಹುಡುಗಿಯರು, ಕನ್ನಡ ಮತ್ತು ಉರ್ದು ಮಾಧ್ಯಮದವರು ಒಂದೇ ವಾಕ್ಯವನ್ನು ಬೇರೆ ಅರ್ಥದಲ್ಲಿ ಓದುತ್ತಿದ್ದಾರೆಯೇ ಎಂಬುದನ್ನು ಸಂಖ್ಯಾಶಾಸ್ತ್ರ ಬಲ್ಲವರ ನೆರವಿನಿಂದ ಪರಿಶೀಲಿಸಿ.

ಎಚ್‌ಎಲ್‌ಎಸ್‌ಎಸಿಗೆ 25ರವರೆಗೆ ಕಡಿಮೆ, 26ರಿಂದ 35 ಮಧ್ಯಮ, 36ರಿಂದ ಮೇಲೆ ಹೆಚ್ಚು ಎಂಬ ಗಡಿಗಳಿವೆ. ಆ ಗೆರೆ ಎಳೆದದ್ದು ಬೇರೆ ದೇಶದ ಮಕ್ಕಳ ಉತ್ತರ ನೋಡಿ. ಅದನ್ನೇ ತಂದು ‘ನಮ್ಮ ಮಕ್ಕಳಲ್ಲಿ ಇಷ್ಟು ಶೇಕಡಾ ಕಳಪೆ’ ಎಂದು ಬರೆಯಬೇಡಿ. ಸರಾಸರಿ, ಅಂಕಗಳ ಹರವು, ಪ್ರತಿ ವಾಕ್ಯದ ಉತ್ತರ ಕೊಡಿ.

ಈಗ ಪ್ರಶ್ನಾವಳಿಯ ಅಂಕವನ್ನೂ ಚಟುವಟಿಕೆಯ ಅಂಕವನ್ನೂ ಎದುರುಬದುರು ಇಡಿ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಎರಡು ಮೂಲೆಯ ಮಕ್ಕಳು. ಧೈರ್ಯ ಹೆಚ್ಚಿದ್ದು ಕೆಲಸ ತಪ್ಪುವವರಿಗೆ ಕೈಯಿಂದ ಮಾಡಿಸುವ ಅಭ್ಯಾಸ ಬೇಕು. ಕೆಲಸ ಸರಿಯಾಗಿ ಮಾಡಿಯೂ ‘ನನಗೆ ಬರಲ್ಲ’ ಎಂದವರು ಇನ್ನೊಂದು ಮೂಲೆ. ಅವರಿಗೆ ಮತ್ತೊಂದು ಪಾಠದಿಂದ ಏನೂ ಆಗದು, ಮನೆಯಲ್ಲಿ ಶಾಲೆಯಲ್ಲಿ ಅವರ ಮಾತು ಕೇಳುವವರು ಬೇಕು. ಬರೀ ಪ್ರಶ್ನಾವಳಿ ಹಿಡಿದು ಹೋಗಿದ್ದರೆ ಮೊದಲನೆಯವರು ಜಾಣರ ಸಾಲಿನಲ್ಲಿ, ಎರಡನೆಯವರು ದಡ್ಡರ ಸಾಲಿನಲ್ಲಿ ಇರುತ್ತಿದ್ದರು.

ಹಂತ 10: ಫಲಿತಾಂಶವನ್ನು ಶಾಲೆಗೆ ಮರಳಿಸುವುದು

ಮಕ್ಕಳ ಹೆಸರಿನ ಪಟ್ಟಿಯಾಗಲಿ, ಶಾಲೆಗಳ ರ‍್ಯಾಂಕ್ ಆಗಲಿ ಕೊಡಬೇಡಿ. ಒಂದು ಪುಟದಲ್ಲಿ, ಯಾವ ಕೆಲಸ ಹೆಚ್ಚಿನ ಮಕ್ಕಳಿಗೆ ಕಷ್ಟವಾಯಿತು, ಅದಕ್ಕೆ ದೊಡ್ಡವರು ಏನು ಬದಲಿಸಬಹುದು ಎಂದು ಬರೆಯಿರಿ. ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆ ಯಾಕೆ ಎಂದು ಮಕ್ಕಳಿಗೆ ಹೇಳಲು ಬರದಿದ್ದರೆ, ಮಾತ್ರೆ ಹಂಚುವ ಹೊತ್ತಿನಲ್ಲಿ ಯಾರೂ ಅದನ್ನು ವಿವರಿಸಿಲ್ಲ ಎಂದು ಅರ್ಥ. ಊಟದ ನಂತರ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ, ಮಲ ಕಪ್ಪಾದರೆ ಹೆದರಬೇಕಿಲ್ಲ ಎಂಬೆರಡು ಮಾತನ್ನು ಶಿಕ್ಷಕರು ಸೇರಿಸಲಿ. ಓಆರ್‌ಎಸ್ ಅಳತೆ ತಪ್ಪಿದ್ದರೆ ವಿಜ್ಞಾನದ ಪೀರಿಯಡ್ಡಿನಲ್ಲಿ ಒಂದು ದಿನ ಅದನ್ನೇ ಮಾಡಿಸಲಿ.

ಪಾಠದ ಪರಿಣಾಮ ನೋಡಲು ಮತ್ತೆ ಅಳೆಯುವುದಾದರೆ ಪಾಠ ಮುಗಿದ ವಾರವೇ ಹೋಗಬೇಡಿ, ಆಗ ಸಿಗುವುದು ಬಾಯಿಪಾಠ. ಮೂರ್ನಾಲ್ಕು ತಿಂಗಳು ಬಿಟ್ಟು, ಅದೇ ಪ್ರಶ್ನಾವಳಿ, ಅದೇ ಕ್ರಮದಲ್ಲಿ, ಆ ಪಾಠ ಆಗಿರದ ಒಂದು ಶಾಲೆಯ ಜೊತೆ ಹೋಲಿಸಿ ನೋಡಿ. ಎರಡು ಸಲದ ಹಾಳೆಗಳನ್ನು ಜೋಡಿಸಲು ಬಳಸಿದ ಹೆಸರು ಮತ್ತು ಸಂಕೇತದ ಪಟ್ಟಿಯನ್ನು ಉತ್ತರಗಳಿಂದ ಬೇರೆ ಕಡೆ ಬೀಗ ಹಾಕಿಡಿ. ಜೋಡಣೆ ಮುಗಿದು, ನೈತಿಕ ಸಮಿತಿಗೆ ಹೇಳಿದ ಅವಧಿ ತೀರಿದ ಮೇಲೆ ಆ ಪಟ್ಟಿಯನ್ನು ನಾಶಪಡಿಸಿ, ಹಾಗೆ ಮಾಡಿದ್ದನ್ನು ಸಮಿತಿಗೆ ಬರೆದು ತಿಳಿಸಿ.